ಕೆಂಪು ಸಾಲುಗಳ ಸುಧಾರಾಣಿ

ಕಂಪ್ಲಿಯ ಸುಧಾರಾಣಿಗೆ ಚಿಕ್ಕಂದಿನಿಂದಲೂ ಒಂದು ಚಟವಿತ್ತು. ಒಂದೇ ಸಂಗತಿಯನ್ನು ಇಬ್ಬರ ಬಾಯಲ್ಲಿ ಕೇಳಬೇಕು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದರು ಎಂಬುದನ್ನು ತಾಯಿ ಹಂಪಕ್ಕನಿಂದ ಒಮ್ಮೆ ಕೇಳಿ, ಆಮೇಲೆ ಪಕ್ಕದ ಮನೆಯ ಕೊಟ್ರಮ್ಮಜ್ಜಿಯ ಹತ್ತಿರ ಹೋಗಿ ಏನೂ ಗೊತ್ತಿಲ್ಲದವಳ ಹಾಗೆ ಮತ್ತೆ ಕೇಳುತ್ತಿದ್ದಳು. ಎರಡೂ ಹೊಂದದಿದ್ದರೆ ಅವಳಿಗೆ ಹಬ್ಬ. "ನಮ್ಮವ್ವ ಹೇಳಿದ್ದು ಬ್ಯಾರೆ ಐತಲ್ಲ ಅಜ್ಜಿ" ಎಂದು ಶುರು ಮಾಡಿದಳೆಂದರೆ ಆ ಸಂಜೆ ಎರಡು ಮನೆಯ ಕಟ್ಟೆಗಳ ನಡುವೆ ದೊಡ್ಡ ಪಂಚಾಯ್ತಿ. ಸುಧಾರಾಣಿ ನಡುವೆ ಕೂತು ಶೇಂಗಾ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುವಳು.

"ಈ ಹುಡುಗಿ ಮುಂದ ಪೊಲೀಸ್ ಆಗ್ತಾಳ ನೋಡು" ಎನ್ನುತ್ತಿದ್ದಳು ಕೊಟ್ರಮ್ಮಜ್ಜಿ. ಆಗಲಿಲ್ಲ. ಹೊಸಪೇಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಓದಿದಳು. ಪಾಸಾದ ವರ್ಷವೇ ಪೇಪರಿನಲ್ಲಿ ಜಾಹೀರಾತು ನೋಡಿ ಒಂದು ಲಾರಿ ಕಂಪನಿಗೆ ಅರ್ಜಿ ಹಾಕಿದಳು, ಕೆಲಸವೂ ಸಿಕ್ಕಿತು. ಆ ಕಂಪನಿಯ ಯಜಮಾನ ದೊಡ್ಡಬಸಪ್ಪ. ಅವರದೇ ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಸುಧಾರಾಣಿಯ ಅಪ್ಪ ಓಬಳಪ್ಪ ಇಪ್ಪತ್ತು ವರ್ಷಗಳಿಂದ ಹಮಾಲಿ. ಈ ಸಂಬಂಧ ದೊಡ್ಡಬಸಪ್ಪನವರಿಗೆ ತಿಳಿದದ್ದು ಆಕೆ ಸೇರಿ ತಿಂಗಳು ಕಳೆದ ಮೇಲೆ.

"ಲೇ ಓಬಳಪ್ಪ, ನಿನ್ನ ಮಗಳು ನನ್ನ ಆಫೀಸ್ನಾಗ ಅದಾಳಂತ. ನನಗ ಒಂದು ಮಾತು ಹೇಳಬಾರದೇನೋ?"

ಓಬಳಪ್ಪ ಬೆನ್ನ ಮೇಲಿನ ಚೀಲ ಇಳಿಸಿ, ತಲೆಯ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ. "ಹೇಳಿದ್ರ ಶಿಫಾರಸು ಮಾಡಿದಂಗ ಆಗ್ತಿತ್ರಿ ಸಾವ್ಕಾರ್ರ. ಆಕೀನ ಬ್ಯಾಡ ಅಂದ್ಳು."

ದೊಡ್ಡಬಸಪ್ಪನವರಿಗೆ ಆ ಮಾತು ಹಿಡಿಸಿತು. ಅಂದಿನಿಂದ ಆಫೀಸಿನಲ್ಲಿ ಏನೇ ಸಂಶಯ ಬಂದರೂ "ಆ ಕಂಪ್ಲಿ ಹುಡುಗೀನ ಕರೀರಿ" ಎನ್ನತೊಡಗಿದರು.

ಕಬ್ಬಿಣದ ಅದಿರು ಚಿನ್ನವಾಗಿದ್ದ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಇಳಿಯುವ ಲಾರಿಗಳ ಸಾಲು ಹಗಲಾದರೂ ನಿಲ್ಲುತ್ತಿರಲಿಲ್ಲ, ಇರುಳಾದರೂ ನಿಲ್ಲುತ್ತಿರಲಿಲ್ಲ. ಹೊಸಪೇಟೆಯಲ್ಲಿ ಬಿಳಿ ಅಂಗಿ ಒಣಹಾಕಿದರೆ ಸಂಜೆಗೆ ಇಟ್ಟಂಗಿ ಬಣ್ಣ. ಲಾಡ್ಜಿನಲ್ಲಿ ರೂಮು ಸಿಗದು, ಗ್ಯಾರೇಜಿನಲ್ಲಿ ಜಾಗ ಸಿಗದು, ಡ್ರೈವರಂತೂ ಸಿಗಲೇ ಸಿಗನು. ಅಕ್ಕಿ ಸಾಗಿಸಲು ನಾಲ್ಕು ಲಾರಿ ಇಟ್ಟುಕೊಂಡಿದ್ದ ದೊಡ್ಡಬಸಪ್ಪನವರೂ ಅದಿರಿಗೆ ಕೈ ಹಾಕಿ ದೊಡ್ಡ ಲಾರಿಗಳನ್ನು ಇಳಿಸಿದ್ದರು. ಯಶವಂತನಗರದಲ್ಲಿ ಒಂದು ಆಫೀಸು, ಕಂಪ್ಲಿಯ ಮಿಲ್ಲಿನಲ್ಲಿ ಒಂದು, ಹೊಸಪೇಟೆಯಲ್ಲಿ ದೊಡ್ಡದು. ಯಾವ ಲಾರಿ ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಮೂರೂ ಕಡೆ ಬೇರೆ ಬೇರೆ ಬರೆದುಕೊಂಡು, ಫೋನಿನಲ್ಲಿ ಕೂಗಾಡಿಕೊಂಡು ಹೇಗೋ ಸಾಗುತ್ತಿತ್ತು.

ಹಾಗಿರುವಾಗ ಹೊಸಪೇಟೆಯ ಕಂಪ್ಯೂಟರ್ ಅಂಗಡಿಯ ಮಲ್ಲೇಶ್ ಒಂದು ಹೊಸ ಮಾತು ತಂದ. ಅವನು ಹೊರಗಿನ ಸಾಫ್ಟ್‌ವೇರ್ ಕಂಪನಿಯೊಂದರ ಏಜೆಂಟನೂ ಆಗಿದ್ದ.

"ಸಾವ್ಕಾರ್ರ, ಇನ್ನ ಮುಂದ ನಿಮ್ಮ ಲಾರಿ ಮಾಹಿತಿ ಎಲ್ಲಾ ಕ್ಲೌಡ್‌ನಾಗ ಇಡೋಣ್ರಿ."

"ಕ್ಲೌಡ್ ಅಂದ್ರ?"

"ಮೋಡ ರೀ."

ದೊಡ್ಡಬಸಪ್ಪ ಒಮ್ಮೆ ಮಲ್ಲೇಶನನ್ನೂ ಒಮ್ಮೆ ಮೇಲಿನ ಫ್ಯಾನನ್ನೂ ನೋಡಿದರು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ವಾಚ್‌ಮನ್ ಅಂಜಿನಯ್ಯ ತಡೆಯಲಾರದೆ ಕೇಳಿಯೇಬಿಟ್ಟ. "ಮಳಿ ಬಂದ್ರ ನಮ್ಮ ಲಾರಿಗಳೆಲ್ಲಾ ಯಾರ ಹೊಲದಾಗ ಬೀಳ್ತಾವ್ರಿ?"

ನಕ್ಕು ಮುಗಿದ ಮೇಲೆ ಸುಧಾರಾಣಿ ಬಿಡಿಸಿ ಹೇಳಿದಳು. ಮೋಡ ಎಂಬುದು ಹೆಸರಿಗೆ ಮಾತ್ರ. ಎಲ್ಲೋ ದೂರದ ಊರಿನಲ್ಲಿ ಸಾಲಾಗಿ ಇಟ್ಟಿರುವ ಯಂತ್ರಗಳನ್ನು ಬಾಡಿಗೆಗೆ ಹಿಡಿಯುವುದು. ಮೂರು ಆಫೀಸಿನವರೂ ಬರೆದದ್ದು ಇಂಟರ್‌ನೆಟ್ಟಿನ ಮೂಲಕ ಅಲ್ಲಿಗೆ ಹೋಗಿ ಒಂದೇ ಕಡೆ ಕೂರುತ್ತದೆ. ಲೈನು ಕೈಕೊಟ್ಟಾಗ ಆಯಾ ಆಫೀಸಿನ ಕಂಪ್ಯೂಟರ್ ತನ್ನಲ್ಲೇ ಇಟ್ಟುಕೊಂಡು, ಲೈನು ಬಂದಾಗ ಕಳಿಸುತ್ತದೆ. ಹೀಗೆ ಕಳಿಸುವಾಗ ಹೆಚ್ಚುಕಡಿಮೆ ಆಗಬಹುದಾದ್ದರಿಂದ ದಿನಾ ಬೆಳಿಗ್ಗೆ ತಾಳೆ ನೋಡಬೇಕು. ಪ್ರತಿ ಟ್ರಿಪ್ಪಿಗೂ ಲಾರಿ ಇದೆಯೇ? ಪ್ರತಿ ಲಾರಿಗೂ ಡ್ರೈವರ್ ಇದ್ದಾನೆಯೇ? ಒಬ್ಬನೇ ಎರಡು ಕಡೆ ಇಲ್ಲ ತಾನೆ? ಎಲ್ಲ ಹೊಂದಿದರೆ ಪರದೆಯ ಮೇಲೆ ಹಸಿರು ಸಾಲು, ಹೊಂದದಿದ್ದರೆ ಕೆಂಪು.

"ಹಂಗಾದ್ರ ಆ ತಾಳೆ ನೋಡೋ ಕೆಲಸ ನಿಂದಾ" ಎಂದರು ದೊಡ್ಡಬಸಪ್ಪ. ಸುಧಾರಾಣಿಗೆ ಸಂಬಳ ಕೊಟ್ಟು ಶೇಂಗಾ ತಿನ್ನಲು ಕೂರಿಸಿದಂತಾಯಿತು.

ಮೊದಲ ಕೆಲವು ವಾರ ಎಲ್ಲವೂ ಹಸಿರು. ದೊಡ್ಡಬಸಪ್ಪ ಬಂದ ನೆಂಟರಿಗೂ ವ್ಯಾಪಾರಿಗಳಿಗೂ ಆ ಪರದೆ ತೋರಿಸಿ "ನಮ್ಮ ಲಾರಿ ನೆಲದ ಮ್ಯಾಲೆ ಓಡತಾವ, ಲೆಕ್ಕ ಆಕಾಶದಾಗ ಓಡತೈತಿ" ಎನ್ನುವರು. ಆಮೇಲೆ ಒಂದು ಬೆಳಿಗ್ಗೆ ಎರಡು ಸಾಲು ಕೆಂಪಾದವು. ಮರುವಾರ ಇನ್ನಷ್ಟು. ಪದೇಪದೇ ಬರುತ್ತಿದ್ದ ಹೆಸರು ಮಾರೆಪ್ಪನದು. ಸಂಡೂರು ತಾಲೂಕಿನ ವಡ್ಡು ಗ್ರಾಮದವನು, ಕಂಪನಿಯ ಹಳೆಯ ಡ್ರೈವರ್. ಅಕ್ಕಿ ಚೀಲಕ್ಕೆ ಒಂದು ಹನಿ ನೀರು ತಾಗಿಸದ ಮನುಷ್ಯ ಎಂದು ದೊಡ್ಡಬಸಪ್ಪನವರೇ ಅವನನ್ನು ಕಂಪ್ಲಿಯ ಅಕ್ಕಿ ಲಾರಿಗೆ ಹಾಕಿದ್ದರು. ದಾಖಲೆಯ ಪ್ರಕಾರ ಅವನ ಲಾರಿ ಸಂಜೆ ಕಂಪ್ಲಿ ಸೇರುತ್ತಿತ್ತು. ಮಾರೆಪ್ಪ ಮಾತ್ರ ಮರುದಿನ ಬೆಳಿಗ್ಗೆ ಯಶವಂತನಗರದ ಆಫೀಸಿನ ಗೇಟಿನಲ್ಲಿ ಅದಿರು ತುಂಬುವ ಚೀಟಿ ತೆಗೆದುಕೊಳ್ಳುತ್ತಿದ್ದ.

ಸುಧಾರಾಣಿ ಮಲ್ಲೇಶನನ್ನು ಕೇಳಿದಳು. ಅವನು "ಲೈನ್ ಹೋದಾಗ ಹಿಂಗ ಆಗತೈತಿ ಮೇಡಂ, ಕೆಳಗ 'ರಿಪೇರಿ' ಅಂತ ಬಟನ್ ಐತಲ್ಲ, ಒತ್ತಿಬಿಡ್ರಿ, ತಾನಾ ಸರಿ ಮಾಡ್ಕೊಂತೈತಿ" ಎಂದ.

ಅವಳಿಗೆ ಮನಸ್ಸಿರಲಿಲ್ಲ. ಯಾವುದು ಸರಿ ಎಂದು ತನಗೇ ಗೊತ್ತಿಲ್ಲದಿರುವಾಗ ಬಟನ್ನಿಗೆ ಹೇಗೆ ಗೊತ್ತಾದೀತು? ಆದರೆ ಅಂದು ದೊಡ್ಡ ಗಿರಾಕಿಯೊಬ್ಬರು ಆಫೀಸು ನೋಡಲು ಬರುವವರಿದ್ದರು. ದೊಡ್ಡಬಸಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಾ "ಸುಧಾ, ಆ ಕೆಂಪು ಚಂದ ಕಾಣಂಗಿಲ್ಲವ್ವ, ಜಲ್ದಿ ಏನರ ಮಾಡು" ಎಂದು ಮೂರು ಸಲ ಹೇಳಿ ಹೋದರು. ಕಾರಿನ ಸದ್ದು ಕೇಳಿಸಿತು. ಸುಧಾರಾಣಿ ಕಣ್ಣು ಮುಚ್ಚಿ ಬಟನ್ ಒತ್ತಿದಳು. ಪರದೆ ಗದ್ದೆಯ ಹಾಗೆ ಹಸಿರಾಯಿತು. ಗಿರಾಕಿ ಭೇಷ್ ಎಂದರು. ಅಂಜಿನಯ್ಯ ಎಲ್ಲರಿಗೂ ಪೇಡೆ ಹಂಚಿದ.

ಮರುದಿನ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲಿಂದಲೇ ಒಂದು ಗಂಟಲು ಕೇಳಿಸಿತು. ಅಂಥ ಗಂಟಲು, ಗಾಜಿನ ಬಾಗಿಲು ಜುಂ ಎಂದಿತು.

"ಎಲ್ಲಿ ಅದಾಳ ಆ ಕಂಪ್ಯೂಟರ್ ಅವ್ವ?"

ಒಳಗೆ ಬಂದವನು ಮಾರೆಪ್ಪ. ಎತ್ತರದ ಆಳು, ದೊಡ್ಡ ಮೀಸೆ, ಹೆಗಲ ಮೇಲೆ ಕೆಂಪು ವಸ್ತ್ರ. ಸುಧಾರಾಣಿಯ ಮೇಜಿನ ಎದುರು ಕುರ್ಚಿ ಎಳೆದು ಕೂತು, ಗಂಟಲು ಇಳಿಸಿ ಕೇಳಿದ.

"ಯವ್ವಾ, ನಾ ಅದೀನೋ ಇಲ್ಲೋ, ಸ್ವಲ್ಪ ನೋಡಿ ಹೇಳು."

"ಯಾಕಣ್ಣ, ಏನಾತು?"

"ಯಶವಂತನಗರದ ಗೇಟ್ನ್ಯಾಗ ಚೀಟಿ ಕೊಡವಲ್ರು. ಮಾರೆಪ್ಪ ಅನ್ನೋ ಡ್ರೈವರ್ ನಮ್ಮ ಕಂಪನ್ಯಾಗ ಇಲ್ಲಾ ಅಂತಾರ. ನಾನಾ ಮಾರೆಪ್ಪ ಕಣ್ರಲೇ ಅಂದ್ರ, ಇರಬಹುದು, ಕಂಪ್ಯೂಟರ್ನಾಗ ಇಲ್ಲ ಅಂತಾರ. ಲಾರಿ ಅಲ್ಲೇ ಬಿಟ್ಟು ಬಸ್ ಹತ್ತಿ ಬಂದೆ."

ಸುಧಾರಾಣಿ ಹೆಸರು ಹುಡುಕಿದಳು. ಇರಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಇನ್ನೂ ಕೆಲವು ಡ್ರೈವರುಗಳ ಹೆಸರೂ ಮಾಯ. ರಿಪೇರಿ ಮಾಡಿದ್ದೇನೆಂದರೆ, ಒಬ್ಬನ ಹೆಸರು ಎರಡು ಲಾರಿಗೆ ಅಂಟಿಕೊಂಡಿದ್ದನ್ನು ಕಂಡು ಎರಡರಿಂದಲೂ ಕಿತ್ತಿತ್ತು. ಲಾರಿಯಿಲ್ಲದ ಡ್ರೈವರ್ ಕಂಪನಿಗೆ ಯಾಕೆ ಎಂದು ಹೆಸರನ್ನೇ ಅಳಿಸಿತ್ತು.

"ಇಲ್ಲ ಅಂತೈತಣ್ಣ" ಎಂದಳು ಮೆಲ್ಲಗೆ.

ಚಹಾ ತಂದಿದ್ದ ಅಂಜಿನಯ್ಯ ಲೋಟ ಕೈಯಲ್ಲೇ ಹಿಡಿದು ನಿಂತ. "ಹಂಗಾರ ಈ ಚಾ ಯಾರಿಗೆ ಕೊಡ್ಲೆಪ್ಪಾ?"

ಮೊದಲು ನಕ್ಕವನು ಮಾರೆಪ್ಪನೇ. ಅವನ ನಗುವಿಗೆ ಇಡೀ ಆಫೀಸು ನಕ್ಕಿತು. ಸುಧಾರಾಣಿಗೆ ಮಾತ್ರ ಕಣ್ಣಲ್ಲಿ ನೀರು. "ತಪ್ಪು ನಂದಣ್ಣ. ನೋಡದ ಬಟನ್ ಒತ್ತಿದೆ" ಎಂದಳು. ಮಾರೆಪ್ಪ ಚಹಾ ಹೀರಿ "ಬಿಡವ್ವಾ, ಇಲ್ದೋರಿಗೂ ಚಾ ಕೊಡ್ತೀರಿ, ಒಳ್ಳೆ ಆಫೀಸು" ಎಂದ. ಅಕ್ಕಿ ಲಾರಿಯವನಿಗೆ ಅದಿರಿನ ಗೇಟಿನಲ್ಲೇನು ಕೆಲಸ ಎಂದು ಅವಳು ಕೇಳುವಷ್ಟರಲ್ಲಿ ಎದ್ದು ಮೆಟ್ಟಿಲಿಳಿದಿದ್ದ.

ಮಲ್ಲೇಶ್ ಸುದ್ದಿ ಕೇಳಿ ಸ್ಕೂಟರಿನಲ್ಲಿ ಓಡಿಬಂದ. ಅವನ ಮುಖವೂ ಬಾಡಿತ್ತು. ಪುಣ್ಯಕ್ಕೆ ಆ ದೂರದ ಯಂತ್ರಗಳಲ್ಲಿ ಹಿಂದಿನ ದಿನದ ಪ್ರತಿ ಹಾಗೇ ಇತ್ತು. ಇಬ್ಬರೂ ಕೂತು ಅದನ್ನು ಮರಳಿ ತಂದರು. ಮಾರೆಪ್ಪ ಮತ್ತೆ ಹುಟ್ಟಿದ, ಗೇಟಿನಲ್ಲಿ ಚೀಟಿ ಸಿಕ್ಕಿತು. ಜತೆಗೆ ಕೆಂಪು ಸಾಲುಗಳೂ ಬಂದು ಕೂತವು. ಅವನ್ನು ಕಂಡು ಸುಧಾರಾಣಿಗೆ ಕಳೆದುಹೋದ ಮೇಕೆ ಮನೆಗೆ ಬಂದಷ್ಟು ಸಂತೋಷವಾಯಿತು.

ದೊಡ್ಡಬಸಪ್ಪನವರಿಗೆ ಆಗಲಿಲ್ಲ. "ಒಬ್ಬ ಮನುಷ್ಯಾ ಕಂಪ್ಲ್ಯಾಗೂ ಅದಾನ, ಯಶವಂತನಗರದಾಗೂ ಅದಾನ. ಎರಡರಾಗ ಒಂದು ಸುಳ್ಳು. ಸುಳ್ಳು ಬರೆಸಿದವ್ರನ್ನ ಮನಿಗೆ ಕಳಸ್ತೀನಿ."

"ಅವಸರ ಬ್ಯಾಡ್ರಿ ಸಾವ್ಕಾರ್ರ. ತಾಳೆ ಆಗಿಲ್ಲ ಅಂತ ಅಷ್ಟಾ ಅದು ಹೇಳತೈತಿ. ಯಾವುದು ಖರೆ ಅಂತ ಹೇಳಂಗಿಲ್ಲ. ನಾ ಲಾರ್ಯಾಗ ಹೋಗಿ ನೋಡಿ ಬರ್ತೀನಿ."

"ಲಾರ್ಯಾಗ? ನೀನಾ?"

"ಬಸ್ಸಿಗಿಂತ ಸೀಟ್ ಎತ್ತರ ಐತಿ, ಹೊರಗ ಚಂದ ಕಾಣತೈತ್ರಿ."

ಮನೆಯಲ್ಲಿ ಹೇಳಿದಾಗ ಹಂಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೀ ಮೋಡದಾಗ ಏನರ ಮಾಡ್ಕೋ, ನಾ ಕೇಳಂಗಿಲ್ಲ. ಲಾರ್ಯಾಗ ಹೋಗೋದಾದ್ರ ನಾನೂ ಬರ್ತೀನಿ." ಓಬಳಪ್ಪ ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟ.

ಮಧ್ಯಾಹ್ನ ಕಂಪ್ಲಿಯ ಮಿಲ್ಲಿನಲ್ಲಿ ಅಕ್ಕಿ ತುಂಬಿಸಿಕೊಂಡು ಮಾರೆಪ್ಪನ ಲಾರಿ ಹೊರಟಿತು. ಪಕ್ಕದಲ್ಲಿ ಹಂಪಕ್ಕ, ಕಿಟಕಿಗೆ ಸುಧಾರಾಣಿ. ಹೊಳೆಯ ನೀರುಂಡ ಭತ್ತದ ಗದ್ದೆ, ಬಾಳೆ ತೋಟ, ಆಮೇಲೆ ಬಂಡೆಗಳ ಮೇಲೆ ಬಂಡೆ ಕೂತ ಗುಡ್ಡಗಳು. ಹಂಪಕ್ಕ ಸುಮ್ಮನೆ ಕೂರುವ ಹೆಂಗಸಲ್ಲ.

"ಊಟ ಎಲ್ಲಿ ಮಾಡ್ತೀಯಪ್ಪಾ ದಿನಾ?"

"ಮಧ್ಯಾಹ್ನ ಹೋಟ್ಲು ಯಕ್ಕಾ. ರಾತ್ರಿ ಮನ್ಯಾಗ."

"ಮನಿ ಯಾವೂರಾಗ?"

"ವಡ್ಡು."

"ರಾತ್ರಿ ಲಾರಿ ನಿಲ್ಲೋದು?"

"ಕಂಪ್ಲ್ಯಾಗ."

ಹಂಪಕ್ಕ ಬಗ್ಗಿ ಅವನ ಬೆನ್ನು ನೋಡಿದಳು. "ಹಂಗಾದ್ರ ನಿನಗ ರೆಕ್ಕಿ ಅದಾವೇನಪ್ಪಾ?" ಎಂದಳು.

ಮಾರೆಪ್ಪನಿಗೆ ಕೆಮ್ಮು ಬಂತು. ಅದು ಹೊಸಪೇಟೆಯವರೆಗೂ ನಿಲ್ಲಲಿಲ್ಲ. ಸುಧಾರಾಣಿ ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡಳು. ತನ್ನ ಚಟ ಯಾರಿಂದ ಬಂತು ಎಂದು ಅವಳಿಗೆ ಅಂದು ಗೊತ್ತಾಯಿತು.

ಹೊಸಪೇಟೆಯಲ್ಲಿ ಚೀಲಗಳನ್ನು ಇಳಿಸಿದ ಮೇಲೆ ಲಾರಿ ಸಂಡೂರು ರಸ್ತೆಯ ಒಂದು ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿಯ ಮುಂದೆ ನಿಂತಿತು. ಬಿಸಿಲು ಇನ್ನೂ ಇತ್ತು. ಆಗಲೇ ಅಲ್ಲಿ ಅದಿರು ಸುರಿದು ಖಾಲಿಯಾದ ಇನ್ನೊಂದು ಲಾರಿ, ಅದೇ ಕಂಪನಿಯದು. ಅದರಿಂದ ಜಿಗಿದವನು ರಾಮಾಂಜಿನಿ. ಕಂಪ್ಲಿಯವನು, ಓಬಳಪ್ಪನ ಕೇರಿಯವನೇ. ಕೀಲಿ ತಿರುಗಿಸುತ್ತಾ ಬಂದವನು ಹಂಪಕ್ಕನನ್ನು ಕಂಡು ಅಲ್ಲೇ ನಿಂತ.

"ಅತ್ತೀ! ನೀನ್ಯಾಕ ಇಲ್ಲಿ?"

"ಮಿರ್ಚಿ ತಿನ್ನಾಕ ಬಂದೀನಿ. ನೀ ಆ ಕೀಲಿ ಯಾರಿಗೆ ಕೊಡಾಕ ಬಂದಿ?"

ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ. ನಾಲ್ವರೂ ಬೆಂಚಿನ ಮೇಲೆ ಕೂತರು. ಬಿಸಿ ಮಿರ್ಚಿಯ ಜತೆ ವಿಷಯ ಹೊರಬಂತು. ರಾಮಾಂಜಿನಿಗೆ ಹೆಣ್ಣುಮಗು ಹುಟ್ಟಿ ಕೆಲವೇ ತಿಂಗಳು. ಅವನ ಅದಿರು ಲಾರಿ ರಾತ್ರಿ ನಿಲ್ಲುವುದು ಯಶವಂತನಗರದಲ್ಲಿ, ಮಗು ಇರುವುದು ಕಂಪ್ಲಿಯಲ್ಲಿ. ಮಾರೆಪ್ಪನ ಮನೆ ಇರುವುದು ವಡ್ಡಿನಲ್ಲಿ, ಲಾರಿ ನಿಲ್ಲುವುದು ಕಂಪ್ಲಿಯಲ್ಲಿ. ಅದಕ್ಕೆ ಸಂಜೆ ಇಲ್ಲಿ ಕೀಲಿ ಬದಲು. ಮಾರೆಪ್ಪ ಖಾಲಿ ಅದಿರು ಲಾರಿ ಹತ್ತಿಸಿಕೊಂಡು ಮೇಲೆ, ರಾಮಾಂಜಿನಿ ಖಾಲಿ ಅಕ್ಕಿ ಲಾರಿ ಓಡಿಸಿಕೊಂಡು ಕೆಳಗೆ. ಬೆಳಿಗ್ಗೆ ಮಾರೆಪ್ಪ ಅದಿರು ತುಂಬಿಸಿ ತರುತ್ತಾನೆ, ಮತ್ತೆ ಇಲ್ಲೇ ಅದಲುಬದಲು. ಇವರನ್ನು ನೋಡಿ ಇನ್ನೂ ಕೆಲವರು ಕಲಿತಿದ್ದರು. ಗೇಟಿನವರು ಕಣ್ಣಿಗೆ ಕಂಡವನ ಹೆಸರು ಬರೆಯುತ್ತಿದ್ದರು, ಕಂಪ್ಲಿಯವರು ಲಾರಿಯ ನಂಬರು ನೋಡಿ ಅದಕ್ಕೆ ಗೊತ್ತುಮಾಡಿದ್ದ ಡ್ರೈವರಿನ ಹೆಸರು ಬರೆಯುತ್ತಿದ್ದರು.

"ಸಾವ್ಕಾರ್ರನ್ನ ಒಂದು ಮಾತು ಕೇಳಬಹುದಿತ್ತಲ್ಲಣ್ಣ?" ಎಂದಳು ಸುಧಾರಾಣಿ.

"ಕೇಳಿದ್ರ ಬ್ಯಾಡ ಅಂತಾರ. ಬ್ಯಾಡ ಅಂದ ಮ್ಯಾಲೆ ಮಾಡಿದ್ರ ತಪ್ಪು" ಎಂದ ಮಾರೆಪ್ಪ. "ಅದಕ್ಕ ಕೇಳಿಲ್ಲ."

"ನಿನಗೂ ಮನ್ಯಾಗ ಕೂಸು ಐತೇನು?"

ಮಾರೆಪ್ಪ ನಾಚಿಕೊಂಡ. ಅಷ್ಟು ದೊಡ್ಡ ಮೀಸೆಯವನು ನಾಚಿದ್ದು ನೋಡಿ ಹಂಪಕ್ಕ ಮಿರ್ಚಿ ಕಚ್ಚುವುದನ್ನೇ ಮರೆತಳು. ರಾಮಾಂಜಿನಿಯೇ ಹೇಳಬೇಕಾಯಿತು. "ಬಯಲಾಟದ ತಾಲೀಮು ಅತ್ತಿ. ಅಣ್ಣಂದು ದುರ್ಯೋಧನನ ಪಾರ್ಟು. ಇವ ಹೋಗದಿದ್ರ ಊರಾಗ ಆಟಾನ ನಿಂತುಬಿಡತೈತಿ."

ಮರುದಿನ ಸುಧಾರಾಣಿ ಇಬ್ಬರನ್ನೂ ಹೊಸಪೇಟೆಯ ಆಫೀಸಿಗೆ ಕರೆತಂದಳು. ಹೇಳಬೇಕಾದ್ದನ್ನು ರಾತ್ರಿಯೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಯಜಮಾನರ ಮುಂದೆ ನಿಂತು ಹೇಳಿದಳು.

"ಸಾವ್ಕಾರ್ರ, ಸುಳ್ಳು ಯಾರೂ ಬರೆಸಿಲ್ಲ. ಮಾರೆಪ್ಪಣ್ಣ ಖರೇನ ಯಶವಂತನಗರದಾಗ ಇದ್ದ, ಆತನ ಲಾರಿ ಖರೇನ ಕಂಪ್ಲ್ಯಾಗ ಇತ್ತು. ಒಂದು ಲಾರಿಗೆ ಒಬ್ಬನಾ ಡ್ರೈವರ್ ಅಂತ ನಾವು ಕಂಪ್ಯೂಟರ್ನಾಗ ಕಟ್ಟಿ ಹಾಕೀವಿ. ತಪ್ಪಿರೋದು ಅಲ್ಲಿ."

ಕೀಲಿ ಬದಲಿಯ ವಿಷಯ ಕೇಳಿ ದೊಡ್ಡಬಸಪ್ಪ ಎದ್ದು ನಿಂತರು. "ನಾಳೆ ದಾರ್ಯಾಗ ಏನರ ಆದ್ರ? ಇನ್ಶೂರೆನ್ಸ್‌ನವ್ರು ಯಾರು ಓಡಸ್ತಿದ್ರು ಅಂತ ಕೇಳಿದ್ರ ನಾ ಯಾರ ಹೆಸರು ಹೇಳ್ಲಿ?"

"ಅದಾ ನಾನೂ ಹೇಳಾಕ ಬಂದಿದ್ದು. ಈಗ ಕೇಳಿದ್ರ ನಿಮ್ಮ ಬಾಯಾಗ ತಪ್ಪು ಹೆಸರು ಬರತೈತಿ. ಬದಲಿ ಮಾಡಬ್ಯಾಡ್ರಿ ಅಂದ್ರ ಕದ್ದು ಮಾಡ್ತಾರ, ಇಲ್ಲಾ ಕೆಲಸ ಬಿಟ್ಟು ಬ್ಯಾರೆ ಕಂಪನಿಗೆ ಹೋಗ್ತಾರ. ಬದಲಿ ಆದಾಗ ಒಂದು ಫೋನ್ ಮಾಡ್ಲಿ, ನಾ ಅಲ್ಲೇ ಬರಕೊಂತೀನಿ. ಯಾವ ಹೊತ್ನ್ಯಾಗ ಯಾರ ಕೈಯಾಗ ಲಾರಿ ಇತ್ತು ಅಂತ ಕೇಳಿದ ಕೂಡ್ಲೆ ಹೇಳ್ತೀನ್ರಿ."

ದೊಡ್ಡಬಸಪ್ಪ ಮತ್ತೆ ಕುರ್ಚಿಯಲ್ಲಿ ಕೂತರು. ಡ್ರೈವರುಗಳಿಗೆ ಊರಲ್ಲಿ ಎಷ್ಟು ಕಂಪನಿಗಳು ಗಾಳ ಹಾಕಿ ಕೂತಿವೆ ಎಂಬುದು ಅವರಿಗೂ ಗೊತ್ತಿತ್ತು. ಮಾರೆಪ್ಪನ ಕಡೆ ತಿರುಗಿ "ಇವಗ ಕೂಸು, ಸರಿ. ನಿನಗೇನೋ ಅವಸರ?" ಎಂದರು.

"ಆಟ ಐತ್ರಿ. ದುರ್ಯೋಧನ."

"ದುರ್ಯೋಧನಾ?" ದೊಡ್ಡಬಸಪ್ಪನವರ ದನಿಯೇ ಬೇರೆಯಾಯಿತು. ಬಯಲಾಟವೆಂದರೆ ಬಂಡಿ ಕಟ್ಟಿಸಿಕೊಂಡು ಊರೂರು ತಿರುಗಿದ್ದ ಹುಡುಗತನ ಅವರದು. "ಎಲ್ಲಿ, ಒಂದು ಮಾತು ಹೇಳು ನೋಡೋಣ."

ಮಾರೆಪ್ಪ ಹೆಗಲ ವಸ್ತ್ರ ಸೊಂಟಕ್ಕೆ ಬಿಗಿದು, ಒಂದು ಹೆಜ್ಜೆ ಹಿಂದಕ್ಕಿಟ್ಟು ತೊಡೆ ತಟ್ಟಿದ. ಆಮೇಲೆ ಬಂದ ಗರ್ಜನೆಗೆ ಕೆಳಗಿನ ಟೈರ್ ಅಂಗಡಿಯವರೂ ಮೆಟ್ಟಿಲೇರಿ ಬಂದರು. ಫೋನ್ ಮಾಡುತ್ತಿದ್ದವರು ರಿಸೀವರ್ ಕೆಳಗಿಟ್ಟರು. ಮಾತು ಮುಗಿದಾಗ ದೊಡ್ಡಬಸಪ್ಪ ಕಣ್ಣೊರೆಸಿಕೊಂಡು ನಗುತ್ತಿದ್ದರು. ಆದರೂ ವ್ಯಾಪಾರಿಯಲ್ಲವೇ, ಷರತ್ತು ಬಿಡಲಿಲ್ಲ. ಲೈಸೆನ್ಸ್ ಸರಿಯಿದ್ದವರಷ್ಟೇ ಬದಲಿಗೆ, ಅಂಗಡಿಯ ಮುಂದೆ ಅರ್ಧ ಗಂಟೆ ಕೂತು ದಣಿವಾರಿಸಿಕೊಂಡೇ ಹತ್ತಬೇಕು, ಫೋನ್ ಮಾಡದೆ ಕೀಲಿ ಕೊಟ್ಟರೆ ಬದಲಿ ಬಂದ್.

ಸಾಫ್ಟ್‌ವೇರ್ ಕಂಪನಿಯವರು ಮೊದಮೊದಲು ಒಪ್ಪಲಿಲ್ಲ. ಒಂದು ಲಾರಿಗೆ ಒಬ್ಬ ಡ್ರೈವರ್ ಎಂಬುದು ತಮ್ಮ ನಿಯಮ ಎಂದರು. ಮಲ್ಲೇಶ್ ಈ ಸಲ ಪಟ್ಟು ಬಿಡಲಿಲ್ಲ, ಸುಧಾರಾಣಿ ಚಿತ್ರ ಬರೆದುಕೊಟ್ಟಳು. ಲಾರಿ ಬೇರೆ, ಡ್ರೈವರ್ ಬೇರೆ, ನಡುವೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬ ಗಂಟು. ಗಂಟು ಬಿಚ್ಚಬಹುದು, ಮತ್ತೆ ಹಾಕಬಹುದು. ಕೊನೆಗೆ ಅವರು ಹಾಗೇ ಮಾಡಿಕೊಟ್ಟರು. 'ರಿಪೇರಿ' ಬಟನ್ ಒತ್ತಿದರೆ ಇನ್ನು ಮೇಲೆ ಅಳಿಸುವ ಮೊದಲು ಏನೇನು ಅಳಿಸುತ್ತೇನೆಂದು ತೋರಿಸಿ ಕೇಳಬೇಕು ಎಂಬುದನ್ನೂ ಸುಧಾರಾಣಿ ಮಾಡಿಸಿಕೊಂಡಳು.

ಹೊಸದು ಶುರುವಾದ ಬೆಳಿಗ್ಗೆ ಎಲ್ಲರೂ ಪರದೆಯ ಸುತ್ತ ನಿಂತಿದ್ದರು. ಹಸಿರು, ಹಸಿರು, ಹಸಿರು, ಒಂದು ಕೆಂಪು. ಕಂಪ್ಲಿಯಿಂದ ಹೊರಡುವ ಮೊದಲೇ ಒಂದು ಲಾರಿ ಹೊಸಪೇಟೆ ಮುಟ್ಟಿತ್ತು! ಎಲ್ಲರೂ ಆ ಲಾರಿ ತಂದಿದ್ದ ರಾಮಾಂಜಿನಿಯನ್ನು ನೋಡಿದರು. "ನಾ ಅಷ್ಟು ಜೋರು ಓಡಸಂಗಿಲ್ರಿ" ಎಂದ ಅವನು. ಸುಧಾರಾಣಿ ಬಸ್ ಹತ್ತಿ ಮಿಲ್ಲಿಗೆ ಹೋಗಿ ನೋಡಿದರೆ ಅಲ್ಲಿನ ಕಂಪ್ಯೂಟರಿನ ಒಳಗಿನ ಸೆಲ್ ಸತ್ತು ಗಡಿಯಾರ ದಾರಿ ತಪ್ಪಿತ್ತು. ಸಣ್ಣ ನಾಣ್ಯದಂಥ ಸೆಲ್ ಬದಲಾಯಿಸಿ ಅಪ್ಪನ ಜತೆ ಮಿಲ್ಲಿನ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು ಬಂದಳು.

ಆಮೇಲಿನ ದಿನಗಳಲ್ಲಿ ಸಂಜೆಯಾದರೆ ಅವಳ ಫೋನಿಗೆ ಬಿಡುವಿಲ್ಲ. "ಯಕ್ಕಾ, ಮರಿಯಮ್ಮನಹಳ್ಳ್ಯಾಗ ಬದಲಿ." "ಯಕ್ಕಾ, ನಮ್ಮ ಮಾವ ಬಂದಾರ, ಇವತ್ತೊಂದಿನ ಬದಲಿ." ಯಾರ ಮನೆಯಲ್ಲಿ ಕೂಸು, ಯಾರಿಗೆ ಹಲ್ಲುನೋವು, ಯಾರ ಹೆಂಡತಿ ಮುನಿಸಿಕೊಂಡಿದ್ದಾಳೆ ಎಲ್ಲ ಅವಳಿಗೆ ಗೊತ್ತು. ಬೇರೆ ಕಂಪನಿಗಳ ಡ್ರೈವರುಗಳು ತಾವಾಗಿ ಬಂದು ಕೆಲಸ ಕೇಳತೊಡಗಿದರು. ವಡ್ಡಿನಲ್ಲಿ ಆಟವಾದಾಗ ದೊಡ್ಡಬಸಪ್ಪ ಮುಂದಿನ ಸಾಲಿನಲ್ಲಿ ಕೂತು ನೋಡಿ, ದುರ್ಯೋಧನನಿಗೆ ಶಾಲು ಹೊದಿಸಿ ಬಂದರು.

ಕೆಲ ವರ್ಷಗಳ ಮೇಲೆ ಗಣಿಗಳು ನಿಂತವು. ರಸ್ತೆಗಳಲ್ಲಿ ಧೂಳು ಕೂತಿತು. ದೊಡ್ಡಬಸಪ್ಪ ಅದಿರು ಲಾರಿಗಳನ್ನು ಮಾರಿ ಅಕ್ಕಿಗೇ ಮರಳಿದರು. ಸುಧಾರಾಣಿ ಮಲ್ಲೇಶನ ಅಂಗಡಿಯ ಮೇಲಿನ ಕೋಣೆಯಲ್ಲಿ ತನ್ನದೇ ಬೋರ್ಡು ಹಾಕಿದಳು. ಹಂಪಿಯ ಸಣ್ಣ ಸಣ್ಣ ವಸತಿಮನೆಗಳ ರೂಮುಗಳ ಬುಕಿಂಗ್ ತಾಳೆ ನೋಡುವುದು ಈಗ ಅವಳ ಕೆಲಸ. ಮೊನ್ನೆ ಶೈಲಜಾ ಎಂಬವಳ ವಸತಿಮನೆಯ ಒಂದು ರೂಮಿನಲ್ಲಿ ಎರಡು ಹೆಸರು ಕಂಡು ಕೆಂಪು ಬಂತು. ಸುಧಾರಾಣಿ ಸ್ಕೂಟಿ ಹತ್ತಿ ಹೋದಳು. ನೋಡಿದರೆ ಇಳಿದುಕೊಳ್ಳಲು ಬಂದಿದ್ದ ದಂಪತಿಯಲ್ಲಿ ಗಂಡ ಒಂದು ಕಡೆಯಿಂದ, ಹೆಂಡತಿ ಒಂದು ಕಡೆಯಿಂದ ಒಬ್ಬರಿಗೊಬ್ಬರು ಹೇಳದೆ ಅದೇ ರೂಮನ್ನು ಕಾಯ್ದಿರಿಸಿದ್ದರು. ಅಂದು ಅವರ ಮದುವೆಯ ವಾರ್ಷಿಕೋತ್ಸವವಂತೆ.

"ಇಷ್ಟಕ್ಕ ಅಷ್ಟು ದೂರದಿಂದ ಬಂದ್ರೇನ್ರಿ? ಫೋನ್ನ್ಯಾಗ ಕೇಳಬಹುದಿತ್ತು" ಎಂದಳು ಶೈಲಜಾ.

"ಫೋನ್ನ್ಯಾಗ ಇವರ ಮುಖ ಕಾಣತಿದ್ದಿಲ್ಲಲ್ರಿ" ಎಂದು ಸುಧಾರಾಣಿ ಕುರ್ಚಿ ಎಳೆದುಕೊಂಡು ಕೂತಳು. ಒಳಗಿನಿಂದ ದೋಸೆಯ ವಾಸನೆ ಬರುತ್ತಿತ್ತು.